ಅಕ್ಷೌಹಿಣಿಯ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ತಾಳಮದ್ದಳೆ ಕಲಿಯುವ ಮಕ್ಕಳಿಗೆ ಸಂಧಾನದ ಪ್ರಸಂಗದ ಅರ್ಥ ಬರೆದುಕೊಡಬೇಕು. ಸೇನೆಯ ಅತಿ ಚಿಕ್ಕ ತುಕಡಿಯಾದ ಪತ್ತಿಯಿಂದ ಶುರುಮಾಡಿ ಹಂತಹಂತಕ್ಕೂ ಮೂರು ಪಟ್ಟು ಮಾಡಿದರೆ, ಮಹಾಭಾರತದ ಅತಿ ದೊಡ್ಡ ಸೇನಾ ಘಟಕವಾದ ಅಕ್ಷೌಹಿಣಿಗೆ 6,561 ರಥ ಬರುತ್ತದೆ. ಎಲ್ಲರೂ ಹೇಳುವುದು 21,870. ಇನ್ನೊಂದು ಸಂಶಯ: ಶಾಸನಗಳ ‘ಚಮೂಪತಿ’ ಎಂದರೆ ಒಂದು ಚಮೂವಿನ (ಇದೇ ಲೆಕ್ಕದ ಒಂದು ಹಂತದ ಪಡೆ) ಒಡೆಯನೇ?

ಉತ್ತರ 1:
ಕೊನೆಯ ಮೆಟ್ಟಿಲಲ್ಲಿ ಎಡವಿದ್ದೀರಿ. ಒಂದು ಪತ್ತಿ ಎಂದರೆ 1 ರಥ, 1 ಆನೆ, 3 ಕುದುರೆ, 5 ಕಾಲಾಳು. ಆಮೇಲೆ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನಿ; ಇಲ್ಲಿಯವರೆಗೆ ಮೂರು ಪಟ್ಟು ಸರಿ. ಅನೀಕಿನಿಗೆ 2,187 ರಥ. ಅಂಥ ಹತ್ತು ಅನೀಕಿನಿ ಸೇರಿದರೆ ಅಕ್ಷೌಹಿಣಿ, ಮೂರಲ್ಲ. ಆಗ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಮಕ್ಕಳಿಗೆ ತಾಳೆ ನೋಡಲು ಒಂದು ಉಪಾಯ: ಈ ಯಾವ ಸಂಖ್ಯೆಯ ಅಂಕಿಗಳನ್ನು ಕೂಡಿದರೂ 18. ಕುರುಕ್ಷೇತ್ರಕ್ಕೆ ಬಂದದ್ದೂ 18 ಅಕ್ಷೌಹಿಣಿ: ಕೌರವರದು 11, ಪಾಂಡವರದು 7.

ಉತ್ತರ 2:
ನಾಲ್ಕನ್ನೂ ಕೂಡಿಸಿ ‘2,18,700 ಸೈನಿಕರು’ ಎನ್ನುವುದು ವೇದಿಕೆಯಲ್ಲಿ ಆಗಾಗ ಕೇಳುವ ತಪ್ಪು. ಅದರಲ್ಲಿ ರಥ, ಆನೆ, ಕುದುರೆಗಳೂ ಒಂದೊಂದಾಗಿ ಸೇರಿವೆ; ಅದು ಆಳುಗಳ ಲೆಕ್ಕವಲ್ಲ.

ಬರೆಯುವಾಗ ‘ಅಕ್ಷೋಹಿಣಿ’ ಮಾಡಬೇಡಿ. ಅಕ್ಷ + ಊಹಿನೀ ಗುಣಸಂಧಿಯಾದರೆ ‘ಓ’ ಬರಬೇಕಿತ್ತು ನಿಜ. ಆದರೆ ಈ ಪದಕ್ಕೆಂದೇ ವ್ಯಾಕರಣದಲ್ಲಿ ವಿಶೇಷ ವಿಧಿಯಿದ್ದು ವೃದ್ಧಿಯಾಗುತ್ತದೆ, ಹಾಗಾಗಿ ‘ಔ’. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಬಾಯಲ್ಲಿ ಆ ‘ಕ್ಷೌ’ ತುಂಬಿ ಬರಬೇಕು.

ಉತ್ತರ 3:
ಚಮೂಪತಿಯ ಬಗ್ಗೆ: ಲೆಕ್ಕದಲ್ಲಿ ಚಮೂವಿಗೆ 729 ರಥ, 3,645 ಕಾಲಾಳು. ಕಾವ್ಯ, ಶಾಸನಗಳಲ್ಲಿ ಮಾತ್ರ ಚಮೂ, ವಾಹಿನಿ, ಪೃತನಾ ಎಲ್ಲವೂ ಬರೀ ‘ಸೇನೆ’. ಛಂದಸ್ಸಿಗೆ ಯಾವುದು ಹೊಂದಿತೋ ಅದನ್ನು ಕವಿ ಹಾಕುತ್ತಾನೆ. ಚಮೂಪ, ಚಮೂನಾಥ, ವಾಹಿನೀಪತಿ ಎಂದರೆ ದಂಡನಾಯಕನೇ. ಬಳ್ಳಿಗಾವೆಯ ಶಾಸನಗಳನ್ನು ಓದುವಾಗಲೂ ಇಂಥ ಬಿರುದಿನಿಂದ ದಂಡಿನ ಗಾತ್ರ ಗುಣಿಸಲು ಹೋಗಬಾರದು.

ಹಿಂದಿಯಲ್ಲಿ ಇಂದಿಗೂ ಪೊಲೀಸ್ ಬೆಟಾಲಿಯನ್‌ಗೆ ‘ವಾಹಿನಿ’ ಎನ್ನುತ್ತಾರೆ. ನಮ್ಮಲ್ಲಿ ಆ ಪದ ಟೀವಿಗೆ ಹೋಯಿತು. ಹಾಗಾಗಿ ಮಕ್ಕಳಿಗೆ ಈ ಲೆಕ್ಕದಲ್ಲಿ ವಾಹಿನಿ ಬಂದಲ್ಲೆಲ್ಲ ‘81 ಪತ್ತಿಗಳ ಪಡೆ’ ಎಂದು, ಪದ್ಯದಲ್ಲಿ ಬಂದರೆ ‘ಸೇನೆ’ ಎಂದು ಬಿಡಿಸಿ ಬರೆದುಕೊಡಿ.