ಹಾಡುವವನ ಶ್ರುತಿ ಮೊದಲು ಕೇಳಲಿ

ಪುಟ್ಟಿ, ದೊಡ್ಡಪ್ಪ. ಮಳೆಗೆ ಕರೆಂಟ್ ಹೋಗಿದೆ, ಕತ್ತಲಲ್ಲಿ ಟೈಪ್ ಮಾಡಲು ಆಗುವುದಿಲ್ಲ, ಮಾತಲ್ಲೇ ಹೇಳುತ್ತೇನೆ. ಮಗ ಎಂಜಿನಿಯರಿಂಗ್ ಬಿಟ್ಟು ಮ್ಯೂಸಿಕ್ ಡೈರೆಕ್ಟರ್ ಆಗುತ್ತೇನೆ ಅಂತಾನೆ, ಅವನಲ್ಲಿ ಆ ಗುಣ ಇದೆಯೋ ಇಲ್ಲವೋ ಹೇಗೆ ತಿಳಿಯುವುದು ಅಂತ ಕೇಳಿದ್ದೀಯ. ಕೈ ಚೆನ್ನಾಗಿದೆ, ಸೋಮವಾರಪೇಟೆ ಮದುವೆಯಲ್ಲಿ ಕೀಬೋರ್ಡ್ ನುಡಿಸಿದ್ದನ್ನು ಎಲ್ಲರೂ ಕೇಳಿದ್ದೇವೆ. ನನ್ನ ಭಯ ಬೇರೆ. ಹಾಡುವವನ ಶ್ರುತಿ, ಅಂದರೆ ಅವನ ಗಂಟಲಿಗೆ ಹೊಂದುವ ಆಧಾರ ಸ್ವರ ಯಾವುದು ಅಂತ ಕೇಳದೆ ಹಾಡು ಕಟ್ಟಬಾರದು. ಇದನ್ನು ಅವನ ಕಿವಿಗೆ ಹಾಕು.

ಮಡಿಕೇರಿ ದಸರಾದ್ದು ಗೊತ್ತಲ್ವಾ, ಗಾಂಧಿ ಮೈದಾನದಲ್ಲಿ ನಾನು ಹಾಡಿದ್ದು. ನಿನ್ನ ಅಪ್ಪ ಮುಂದಿನ ಸಾಲಲ್ಲೇ ಇದ್ದ. ರಾಗ ಹಾಕಿದವನ ಹೆಸರು ಬೇಡ, ಈಗ ದೊಡ್ಡ ಮನುಷ್ಯ. ನನ್ನ ಶ್ರುತಿ ಬಿಳಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಬಿಳಿ ಮನೆ. ಅವನು ಅದಕ್ಕಿಂತ ಎತ್ತರದ ಬಿಳಿ ಮೂರು ಹಿಡಿದ. ಸಾಲದ್ದಕ್ಕೆ ಚರಣವನ್ನು ತಾರಸ್ಥಾಯಿ ಪಂಚಮಕ್ಕೆ, ಗಂಟಲು ಎಟುಕದಷ್ಟು ಮೇಲಕ್ಕೆ, ಒಯ್ದು ನಿಲ್ಲಿಸಿದ್ದ. ಇಳಿಸಪ್ಪಾ ಅಂದೆ. ಇಳಿಸಿದರೆ ಹಾಡಿನ ಕಳೆ ಹೋಗುತ್ತದೆ ಅಂದ. ಮೊದಲ ಚರಣ ಹೇಗೋ ದಾಟಿತು. ಎರಡನೆಯದರಲ್ಲಿ ಗಂಟಲು ಒಡೆಯಿತು, ಮೈದಾನ ಪೂರ್ತಿ ಕೇಳಿಸಿತು. ತಬಲಾದವನು ತಲೆ ತಗ್ಗಿಸಿಕೊಂಡ. ಕೊನೆಗೆ ಶಾಲು ಹೊದಿಸಿದ್ದು ಯಾರಿಗೆ? ರಾಗ ಹಾಕಿದವನಿಗೆ!

ಅದಕ್ಕೇ ಮತ್ತೆ ಹೇಳುತ್ತೇನೆ, ಶ್ರುತಿ ಕೇಳದೆ ಹಾಡು ಕಟ್ಟಬಾರದು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ದುಡಿ ಅನ್ನುವ ಸಣ್ಣ ವಾದ್ಯ ಬಾರಿಸುತ್ತಾ ಹಾಡುವವರನ್ನು ಅವನು ಸರಿಯಾಗಿ ಕೇಳಲಿ. ಇಬ್ಬರು ಹೇಳಿದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಯಾರೂ ಕಿರುಚುವುದಿಲ್ಲ.

ನಮ್ಮ ಮನೆಯವರಿಗೆ ಮಾತ್ರ ಇವತ್ತಿಗೂ ನನ್ನ ಗಂಟಲೇ ತಮಾಷೆ. ಯಾವ ಮದುವೆಯಲ್ಲೂ ನನ್ನ ಕೈಗೆ ಮೈಕ್ ಬರುವುದಿಲ್ಲ. ಡಿಜೆಗೆ ಕೇಳಿದಷ್ಟು ಕೊಡುತ್ತಾರೆ, ವಾಲಗದವರ ಹತ್ತಿರ ಚೌಕಾಸಿ ಮಾಡುತ್ತಾರೆ. ಈ ಗ್ರೂಪಿನಲ್ಲೇ ಇದ್ದಾರೆ, ಕೇಳಲಿ ಬಿಡು.

ಅಯ್ಯೋ, ನೀನು ಕೇಳಿದ್ದು ಗುಣದ ವಿಷಯ ಅಲ್ವಾ. ಒಂದೇ ಸಾಲು ಕೊಟ್ಟು ನಾಲ್ಕು ಟ್ಯೂನ್ ಹಾಕಲು ಹೇಳು. ಮೂರನ್ನು ಬೇಡ ಅಂದುಬಿಡು. ಮುಖ ಊದಿಸಿಕೊಳ್ಳದೆ ಐದನೆಯದು ತಂದರೆ ಆಸೆ ಇಟ್ಟುಕೊಳ್ಳಬಹುದು. ಕಾಲೇಜು ಬಿಡುವುದು ಬೇಡ. ರಜೆಯಲ್ಲಿ ಯಾರಾದರೂ ಸಂಗೀತ ನಿರ್ದೇಶಕರ ಹತ್ತಿರ ಸಹಾಯಕನಾಗಿ ಸೇರಲಿ. ಇಳಯರಾಜ ನಮ್ಮ ಕನ್ನಡದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಕೈಕೆಳಗೆ ಕೆಲಸ ಮಾಡಿದವರು. ರೆಹಮಾನ್ ಆಮೇಲೆ ಅದೇ ಇಳಯರಾಜರ ತಂಡದಲ್ಲಿ ಕೀಬೋರ್ಡ್ ನುಡಿಸಿದರು. ಸ್ವರ ಬರೆಯುವುದು, ಪಿಟೀಲಿಗೆ ಏನು ಕೊಡಬೇಕು, ಕೊಳಲಿಗೆ ಏನು, ಎಲ್ಲ ಅಲ್ಲೇ ಕಲಿಯುವುದು.

ಇನ್ನೊಂದು. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದಿದ್ದಾರೆ. ಸಿನಿಮಾ ಹಾಡು ಟಿವಿ, ರೇಡಿಯೋದಲ್ಲಿ ಬಂದರೆ ರಾಯಲ್ಟಿಯಲ್ಲಿ ರಾಗ ಹಾಕಿದವನಿಗೂ ಸಮಪಾಲು ಇದೆ. ಬೇಡ ಅಂತ ಬರೆಸಿಕೊಂಡರೂ ನಡೆಯುವುದಿಲ್ಲ. ಯಾರಾದರೂ ಅಗ್ರಿಮೆಂಟ್ ಕೊಟ್ಟರೆ ಸಹಿ ಹಾಕುವ ಮೊದಲು ಫೋಟೋ ತೆಗೆದು ನನಗೆ ಕಳಿಸು. ಗ್ರೂಪಿಗೆ ಬೇಡ.