ಚೀನಾದ ಹೊಸ ಕಲೆಯ ಚರಿತ್ರೆ ಬರೆದಿದ್ದು ಕಲಾವಿದರಾ, ಕೊಂಡ್ಕೊಂಡವರಾ?

ಆಲೆಮನೆ:
ಎಲ್ರಿಗೂ ನಮಸ್ಕಾರ. ನಾನಿರೋದು ಹಾಂಗ್‌ಕಾಂಗ್‌ನಲ್ಲಿ, 2021ರ ನವೆಂಬರ್‌ನಲ್ಲಿ ಎಂ ಪ್ಲಸ್ ಅನ್ನೋ ಹೊಸ ಕಲೆಯ ಮ್ಯೂಸಿಯಂ ಓಪನ್ ಆದಾಗ ಹೋಗಿದ್ದೆ, ಅವತ್ತಿಂದ ಒಂದು ಪ್ರಶ್ನೆ ಕೊರೀತಾನೇ ಇದೆ. ಚೀನಾ ಕಲೆಯ ಗ್ಯಾಲರಿಲಿ ಚಿತ್ರಗಳ ಪಕ್ಕದ ಚೀಟಿ ಓದ್ತಾ ಹೋದ್ರೆ ಒಂದರ ಹಿಂದೆ ಒಂದು ಅದೇ ಹೆಸರು, ಸಿಗ್ ಕಲೆಕ್ಷನ್. ಉಲಿ ಸಿಗ್ ಸ್ವಿಟ್ಜರ್ಲೆಂಡಿನವ್ರು, ಶಿಂಡ್ಲರ್ ಲಿಫ್ಟ್ ಕಂಪನಿ ಪರವಾಗಿ ಚೀನಾಕ್ಕೆ ಹೋದವ್ರು, ಆಮೇಲೆ 1995ರಿಂದ 1998ರವರೆಗೆ ಅಲ್ಲೇ ರಾಯಭಾರಿ. 2012ರಲ್ಲಿ 1,463 ಕೃತಿ ಮ್ಯೂಸಿಯಂಗೆ ದಾನ ಕೊಟ್ರು, ಇನ್ನೂ 47 ಮ್ಯೂಸಿಯಂನವರೇ ದುಡ್ಡು ಕೊಟ್ಟು ತಗೊಂಡ್ರು. ಒಬ್ರು ಆರಿಸಿದ್ದೇ ಒಂದು ದೇಶದ ಕಲಾಚರಿತ್ರೆ ಅಂತ ಆಗ್ಬಿಟ್ರೆ, ಅವರ ಕಣ್ಣಿಗೆ ಬೀಳದೇ ಹೋಗಿದ್ದರ ಗತಿ ಏನು?

ಕುಂಚಮಾಮ:
ಒಳ್ಳೆ ಪ್ರಶ್ನೆ. ಆದ್ರೆ ಆಗಿನ ಪರಿಸ್ಥಿತಿ ಒಂಚೂರು ನೆನೆಸ್ಕೊಳ್ಳಿ. 1979ರಲ್ಲಿ ಸ್ಟಾರ್ಸ್ ಅನ್ನೋ ಕಲಾವಿದರ ಗುಂಪಿನವ್ರು ಬೀಜಿಂಗ್‌ನ ರಾಷ್ಟ್ರೀಯ ಕಲಾ ಗ್ಯಾಲರಿ ಒಳಗೆ ಜಾಗ ಸಿಗದೇ ಹೊರಗಿನ ಬೇಲಿಗೇ ಚಿತ್ರ ನೇತು ಹಾಕಿದ್ರು, ಪೊಲೀಸರು ಬಂದು ನಿಲ್ಲಿಸಿದ್ರು. ಹತ್ತು ವರ್ಷ ಆದ್ಮೇಲೆ, 1989ರ ಫೆಬ್ರವರಿಲಿ, ಅದೇ ಗ್ಯಾಲರಿ ಒಳಗೇ ಹೊಸಬರ ದೊಡ್ಡ ಪ್ರದರ್ಶನ ಆಯ್ತು, ಶಾವ್ ಲು ಅನ್ನೋ ಕಲಾವಿದೆ ತನ್ನದೇ ಟೆಲಿಫೋನ್ ಬೂತ್ ಕೃತಿಗೆ ಪಿಸ್ತೂಲಿಂದ ಗುಂಡು ಹಾರಿಸಿದ್ರು, ಅವತ್ತೇ ಬಾಗಿಲು ಮುಚ್ಚಿಸಿದ್ರು. ಇಂಥಾ ಕಡೆ ಸರ್ಕಾರಿ ಮ್ಯೂಸಿಯಂ ಇವರ ಕೆಲಸ ಕೊಳ್ಳುತ್ತಾ? ಸಿಗ್ ಶುರುಲಿ ತಮಗೆ ಇಷ್ಟ ಆಗಿದ್ದನ್ನೇ ತಗೊಳ್ತಿದ್ರು, ಯಾರೂ ಇದನ್ನ ಕೂಡಿಡ್ತಿಲ್ಲ ಅಂತ ಗೊತ್ತಾದ್ಮೇಲೆ ತಮ್ಮ ರುಚಿ ಬದಿಗಿಟ್ಟು, ಒಂದು ರಾಷ್ಟ್ರೀಯ ಮ್ಯೂಸಿಯಂ ಹೇಗೆ ಕೊಳ್ಳುತ್ತೋ ಹಾಗೆ ಕೊಳ್ಳೋಕೆ ಹೊರಟ್ರು. ಅವ್ರಿಲ್ದಿದ್ರೆ ಎಷ್ಟೋ ಕೆಲಸ ಇವತ್ತು ಕಣ್ಣಿಗೇ ಬೀಳ್ತಿರಲಿಲ್ಲ ಅಂತ ನಾನು ನಂಬ್ತೀನಿ.

ಸಂಜೆಬೆಳಕು:
ಕುಂಚಮಾಮ ಅವ್ರೇ, ಉಳಿಸಿದ್ರು ಅನ್ನೋದು ಒಪ್ತೀನಿ, ಆದ್ರೆ ಸಿಗ್ ಬರೀ ಕೂಡಿಟ್ಟವರಲ್ಲ. ಚೀನಾ ಕಲಾವಿದರಿಗೆ ಅಂತ ಒಂದು ಪ್ರಶಸ್ತಿ ಶುರು ಮಾಡಿ, ಹೊರಗಿನ ದೊಡ್ಡ ಕ್ಯುರೇಟರ್‌ಗಳನ್ನ, ಅಂದ್ರೆ ಪ್ರದರ್ಶನಕ್ಕೆ ಕೃತಿ ಆರಿಸಿ ಜೋಡಿಸೋರನ್ನ, ತೀರ್ಪುಗಾರರಾಗಿ ಕರೆಸಿದ್ರು, ಅವರಲ್ಲೊಬ್ರು ಹರಾಲ್ಡ್ ಜೀಮನ್, ಇಟಲಿಲಿ ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾ ಪ್ರದರ್ಶನ ವೆನಿಸ್ ಬಿನಾಲೆನ 1999ರಲ್ಲಿ ನಡೆಸಿದ್ದು ಅವ್ರೇ, ಅಲ್ಲಿ ಸುಮಾರು 20 ಜನ ಚೀನೀ ಕಲಾವಿದರು! ಅಂದ್ರೆ ಕೊಂಡವ್ರೂ ಅವ್ರೇ, ಜಗತ್ತಿಗೆ ಪರಿಚಯ ಮಾಡಿಸಿದವ್ರೂ ಅವ್ರೇ. ಇನ್ನು ಹೊರಗಿನವರ ದುಡ್ಡು ಹರಿದಿದ್ದು ಬಹಳಷ್ಟು ಒಂದೇ ಥರದ ಚಿತ್ರಗಳ ಕಡೆ, ವಾಂಗ್ ಗುವಾಂಗ್ಯಿ ಅವರ ಕ್ರಾಂತಿ ಪೋಸ್ಟರಿನ ಕೆಲಸಗಾರರ ಪಕ್ಕ ಕೋಕಾ ಕೋಲಾ, ಫಾಂಗ್ ಲಿಜುನ್ ಅವರ ಬೋಳು ತಲೆಗಳು, ಯುವೆ ಮಿಂಜುನ್ ಅವರ ಹಲ್ಲು ಕಿರಿಯೋ ಮುಖ. ಮೆಲ್ಲಗೆ ಮಾತಾಡೋ ಕಲೆಗೆ ಅಷ್ಟು ಗಿರಾಕಿ ಇರ್ಲಿಲ್ಲ.

ಕೊಳ್ಳೋದಷ್ಟೇ ಅಲ್ಲ, ಮಾರೋದೂ ಚರಿತ್ರೆ ತಿದ್ದುತ್ತೆ. ಎಸ್ಟೆಲ್ಲಾ ಕಲೆಕ್ಷನ್ ಅಂತ ಒಂದಿತ್ತು, 2007ರಲ್ಲಿ ಡೆನ್ಮಾರ್ಕಿನ ಲೂಯಿಸಿಯಾನಾ ಮ್ಯೂಸಿಯಂನಲ್ಲಿ ಪ್ರದರ್ಶನ ಆಗಿ 2008ರಲ್ಲೇ ಸದಬೀಸ್ ಹರಾಜಿಗೆ ಬಂತು, ಒಟ್ಟಿಗೇ ಉಳಿಯುತ್ತೆ ಅಂತ ನಂಬಿ ಕೊಟ್ಟಿದ್ದ ಕಲಾವಿದರಿಗೆ ಎಷ್ಟು ನೋವಾಗಿರ್ಬೇಡ.

ಕುಂಚಮಾಮ:
ಎಸ್ಟೆಲ್ಲಾ ವಿಷಯ ನಿಜವಾಗ್ಲೂ ಬೇಜಾರು. ಆದ್ರೆ ಗುವಾನ್ ಯಿ ಅವರನ್ನೂ ನೋಡಿ, ಅವ್ರೂ ಕಲೆ ಕೂಡಿಡೋರು, ಚೀನಾದವ್ರೇ. 2003ರ ವೆನಿಸ್ ಬಿನಾಲೆಲಿ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಕಲಾವಿದರು ಸೇರಿ ಕಟ್ಟಿದ್ದ ಕ್ಯಾಂಟನ್ ಎಕ್ಸ್‌ಪ್ರೆಸ್ ಅನ್ನೋ ಪ್ರದರ್ಶನನ ಇಡಿಯಾಗಿ ಕೊಂಡು ವಾಪಸ್ ತಂದ್ರು, ಆಮೇಲೆ ಎಂ ಪ್ಲಸ್‌ಗೇ ದಾನ ಕೊಟ್ರು. ಇಲ್ದಿದ್ರೆ ಪ್ರದರ್ಶನ ಮುಗೀತಿದ್ದಂಗೆ ಅದೆಲ್ಲಾ ಬಿಚ್ಚಿ ಗುಜರಿಗೆ ಹೋಗ್ತಿತ್ತೇನೋ.

ಆಲೆಮನೆ:
ಇಬ್ರಿಗೂ ಥ್ಯಾಂಕ್ಸ್. ನನ್ನ ಪ್ರಶ್ನೆ ಹುಟ್ಟಿದ್ದು ಒಂದು ಚಿತ್ರದಿಂದ, ಅದನ್ನೂ ಹೇಳ್ಬಿಡ್ತೀನಿ. ವಾಂಗ್ ಶಿಂಗ್ವೇ ಅವರ 2001ರ ನ್ಯೂ ಬೀಜಿಂಗ್. ಸೈಕಲ್ ಗಾಡಿ ಮೇಲೆ ಎರಡು ಪೆಂಗ್ವಿನ್ ಮಲಗಿಸಿದ್ದಾರೆ, ಬಿಳೀ ಹೊಟ್ಟೆ ಮೇಲೆ ರಕ್ತ, ಜನ ಅವಸರವಾಗಿ ಗಾಡಿ ಸಾಗಿಸ್ತಿದ್ದಾರೆ. 1989ರ ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದ ಪ್ರತಿಭಟನೆನ ಸೈನ್ಯ ಹತ್ತಿಕ್ಕಿದಾಗ ಗಾಯಗೊಂಡ ಹುಡುಗರನ್ನ ಹಾಗೇ ಗಾಡಿ ಮೇಲೆ ಸಾಗಿಸ್ತಿರೋ ಪ್ರೆಸ್ ಫೋಟೋ ನೋಡಿದವರಿಗೆ ತಕ್ಷಣ ಗೊತ್ತಾಗುತ್ತೆ. ನಾನು ಎಷ್ಟೊತ್ತು ನಿಂತಿದ್ದೆನೋ. ಆಮೇಲೆ ಇನ್ನೊಂದ್ಸಲ ಹೋದಾಗ ಅದು ಗೋಡೆ ಮೇಲೆ ಇರ್ಲಿಲ್ಲ. ಕಲಾವಿದ ಐ ವೇವೇ ತಿಯಾನನ್ಮೆನ್ ಕಡೆ ಅವಮಾನ ಮಾಡೋ ಹಾಗೆ ನಡುಬೆರಳು ತೋರ್ಸಿರೋ ಫೋಟೋ ಕೂಡ ಸಿಗ್ ದಾನದಲ್ಲೇ ಇದೆ, ಅದನ್ನಂತೂ ಓಪನಿಂಗ್‌ನಲ್ಲೂ ಹಾಕಿರ್ಲಿಲ್ಲ, ವೆಬ್‌ಸೈಟಿಂದಲೂ ತೆಗೆದ್ರು. ಸಿಗ್ ಕೊಂಡಿದ್ರಿಂದ ಇವು ಉಳಿದಿವೆ, ಸರಿ. ಈಗ ಯಾವುದು ಗೋಡೆಗೆ, ಯಾವುದು ಗೋಡೌನ್‌ಗೆ ಅಂತ ಆರಿಸ್ತಿರೋರು ಬೇರೆ.