ಕ್ಲೌಡ್‌ನಲ್ಲಿದೆ ಅಂತ ಫೋನಿನಿಂದ ಅಳಿಸಬಹುದಾ?

ದೊಡ್ಡಪ್ಪ: (ಫಾರ್ವರ್ಡ್) ಫೋನ್ ತುಂಬಿದೆಯಾ? ಚಿಂತೆ ಬೇಡ! ನಿಮ್ಮ ಫೋಟೋಗಳೆಲ್ಲ ತಾನಾಗಿಯೇ ಕ್ಲೌಡ್‌ಗೆ (ಇಂಟರ್ನೆಟ್‌ನಲ್ಲಿರುವ ಸಂಗ್ರಹಕ್ಕೆ) ಹೋಗಿರುತ್ತವೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಡಿಲೀಟ್ ಒತ್ತಿ. ಒಂದು ಫೋಟೋ ಕೂಡ ಹೋಗುವುದಿಲ್ಲ. ನಿಮ್ಮವರಿಗೆಲ್ಲ ತಿಳಿಸಿ.

ಅನು: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ದೊಡ್ಡಪ್ಪ, ನೀವು ಅಳಿಸಿಲ್ಲ ತಾನೆ?

ದೊಡ್ಡಪ್ಪ: ಇನ್ನೂ ಇಲ್ಲ ಕಣಮ್ಮ. ಆದರೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೇನಲ್ಲ, ಅದು ಮತ್ತೆ ಯಾಕೆ? ಅಲ್ಲಿ ಇಟ್ಟ ಮೇಲೆ ಇಲ್ಲೂ ಯಾಕೆ ಇರಬೇಕು?

ಚಿಕ್ಕಪ್ಪ: ನಾನು ಹೋದ ವಾರವೇ ಖಾಲಿ ಮಾಡಿದೆ. ಎಲ್ಲ ಫೋಟೋ ಹಾಗೇ ಕಾಣಿಸುತ್ತಿವೆ. ಅಣ್ಣ ಹಾಕಿದ್ದು ಸರಿಯಾಗಿಯೇ ಇದೆ.

ಅನು: ಚಿಕ್ಕಪ್ಪ, ನೀವು ಒತ್ತಿದ್ದು ಯಾವುದು? ಗೂಗಲ್ ಫೋಟೋಸ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಅಂತ ಇದೆಯಲ್ಲ, ಅದಾ?

ಚಿಕ್ಕಪ್ಪ: ಹೌದು, ಅದೇ.

ಅನು: ಅದಕ್ಕೇ ನಿಮ್ಮ ಫೋಟೋ ಉಳಿದಿವೆ. ಆ ಬಟನ್ ಮೊದಲು ಬ್ಯಾಕಪ್ ಆಗಿದೆಯಾ, ಅಂದರೆ ಕ್ಲೌಡ್‌ನಲ್ಲಿ ಪ್ರತಿ ಇದೆಯಾ ಅಂತ ನೋಡುತ್ತದೆ. ಆಗಿದ್ದರೆ ಫೋನಿನಲ್ಲಿರುವ ಪ್ರತಿಯನ್ನು ಮಾತ್ರ ತೆಗೆಯುತ್ತದೆ. ದೊಡ್ಡಪ್ಪ ಹಾಕಿದ್ದರಲ್ಲಿ ಇರುವುದು ಅದಲ್ಲ. ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿ ಅಂತಿದೆ. ಅದೇ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದರೆ ಫೋನಿನಿಂದಲೂ ಹೋಗುತ್ತದೆ, ಕ್ಲೌಡ್‌ನಿಂದಲೂ ಹೋಗುತ್ತದೆ, ಅದೇ ಅಕೌಂಟ್ ಇರುವ ಟ್ಯಾಬ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ 60 ದಿನ ಬಿನ್‌ನಲ್ಲಿ, ಅಂದರೆ ಆ್ಯಪ್‌ನ ಕಸದ ಬುಟ್ಟಿಯಲ್ಲಿ ಇರುತ್ತದೆ, ಆಮೇಲೆ ಇಲ್ಲ. ಎಷ್ಟು ಜನ 60 ದಿನದೊಳಗೆ ಬಿನ್ ತೆಗೆದು ನೋಡುತ್ತಾರೆ ಹೇಳಿ?

ಅತ್ತೆ: ನನ್ನದು ಐಫೋನ್. ನನಗೂ ಇದೇನಾ?

ಅನು: ಐಕ್ಲೌಡ್ ಫೋಟೋಸ್ ಆನ್ ಇದ್ದರೆ ಹಾಗೇ ಅತ್ತೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಹೋಗುತ್ತದೆ. ಅಲ್ಲಿ 'ರೀಸೆಂಟ್ಲಿ ಡಿಲೀಟೆಡ್'ನಲ್ಲಿ ಸಿಗುವುದು 30 ದಿನ. ಜಾಗ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ಆಪ್ಟಿಮೈಸ್ ಐಫೋನ್ ಸ್ಟೋರೇಜ್' ಆನ್ ಮಾಡಿ. ಫೋನಿನಲ್ಲಿ ಸಣ್ಣ ಪ್ರತಿ ಇಟ್ಟುಕೊಂಡು, ದೊಡ್ಡದನ್ನು ಐಕ್ಲೌಡ್‌ನಲ್ಲಿ ಇಡುತ್ತದೆ. ನೀವು ಏನೂ ಅಳಿಸಬೇಕಿಲ್ಲ.

'ತಾನಾಗಿಯೇ ಹೋಗಿರುತ್ತವೆ' ಅನ್ನುವುದೂ ನಿಜವಲ್ಲ. ಗೂಗಲ್‌ನಲ್ಲಿ ಬಿಟ್ಟಿಯಾಗಿ ಸಿಗುವ 15 ಜಿಬಿ ಫೋಟೋಗೆ ಮಾತ್ರ ಅಲ್ಲ, ಜಿಮೇಲ್, ಡ್ರೈವ್ ಎಲ್ಲ ಸೇರಿ. ಅದು ತುಂಬಿದ ದಿನ ಬ್ಯಾಕಪ್ ನಿಲ್ಲುತ್ತದೆ. ಐಕ್ಲೌಡ್‌ನಲ್ಲಿ ಬರೀ 5 ಜಿಬಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಫೋಲ್ಡರ್‌ನ ಫೋಟೋಗಳು ನಾವು ಆರಿಸದೇ ಹೋದರೆ ಬ್ಯಾಕಪ್ ಆಗುವುದೇ ಇಲ್ಲ. ಮಕ್ಕಳ ಎಷ್ಟೋ ಫೋಟೋ ನಮ್ಮ ಹತ್ತಿರ ಇರುವುದು ಅಲ್ಲೇ ಅಲ್ವಾ?

ರಾಘಣ್ಣ: ಅನು, ನೀನು ಸುಮ್ನೆ ಎಲ್ಲರನ್ನೂ ಹೆದರಿಸುತ್ತಿದ್ದೀಯ. ಫೋನ್ ಕಳೆದರೆ ಏನು ಉಳಿಯುತ್ತದೆ? ಹಾರ್ಡ್ ಡಿಸ್ಕ್ ಕೆಟ್ಟರೆ? ಮನೆಯಲ್ಲಿ ಇಟ್ಟಿದ್ದಕ್ಕಿಂತ ಕ್ಲೌಡ್ ಎಷ್ಟೋ ಗಟ್ಟಿ. ಅವರು ಒಂದೇ ಮಷೀನಿನಲ್ಲಿ ಇಟ್ಟು ಕೂತಿರುವುದಿಲ್ಲ.

ಅನು: ಅದು ನಿಜ ರಾಘಣ್ಣ, ಒಪ್ಪುತ್ತೇನೆ. ಕ್ಲೌಡ್ ಬಿಡಿ ಅಂತ ನಾನು ಹೇಳುತ್ತಿಲ್ಲ. ಫೋನ್ ಕಳೆದರೆ, ನೀರಿಗೆ ಬಿದ್ದರೆ ಕಾಪಾಡುವುದು ಅದೇ. ಆದರೆ ನಮ್ಮ ಬೆರಳಿನಿಂದ ಅದು ಕಾಪಾಡುವುದಿಲ್ಲ. ನಾವು ಅಳಿಸಿದರೆ ಅದೂ ಅಳಿಸುತ್ತದೆ. ಅದರ ಕೆಲಸವೇ ಅದು. ಪಾಸ್‌ವರ್ಡ್ ಮರೆತರೂ, ಅಕೌಂಟ್ ಲಾಕ್ ಆದರೂ ಅಲ್ಲಿರುವುದೆಲ್ಲ ಒಟ್ಟಿಗೇ ಕೈತಪ್ಪಬಹುದು. ಅದಕ್ಕೇ ಆ ಅಕೌಂಟ್‌ಗೆ ಸಂಬಂಧವೇ ಇಲ್ಲದ ಕಡೆ ಇನ್ನೊಂದು ಪ್ರತಿ ಇರಲಿ ಅನ್ನುತ್ತಿರುವುದು.

ದೊಡ್ಡಪ್ಪ: ಅಷ್ಟೆಲ್ಲ ಯಾರು ಮಾಡುತ್ತಾರೆ? ನನಗೆ 65 ಆಯ್ತು.

ಅನು: ನಾನು ಮಾಡಿಕೊಡುತ್ತೇನೆ ದೊಡ್ಡಪ್ಪ. ನಮ್ಮದನ್ನೆಲ್ಲ ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ಅಂತ ಇದೆ, ಅಲ್ಲಿ ಕೇಳಿದರೆ ಎಲ್ಲ ಫೋಟೋ ಜಿಪ್ ಮಾಡಿ, ಅಂದರೆ ಗಂಟು ಕಟ್ಟಿ ಕೊಡುತ್ತಾರೆ.

ನಿಜ ಹೇಳಬೇಕೆಂದರೆ ನನಗೆ ನಿಮ್ಮ ಫೋನಿಗಿಂತ ತಾತನ ಗೂಗಲ್ ಅಕೌಂಟ್‌ದೇ ಯೋಚನೆ. ನಾವೆಲ್ಲ ನೋಡುವ ಹಳೇ ಆಲ್ಬಮ್ ಇರುವುದು ಅವರ ಅಕೌಂಟ್‌ನಲ್ಲಿ. ಅತ್ತೆ, ಅವರ ಫೋನ್ ಆನ್ ಮಾಡಿ ಎಷ್ಟು ದಿನ ಆಯ್ತು?

ಅತ್ತೆ: ಅಪ್ಪ ಹೋದ ಮೇಲೆ ಬೀರುವಿನಲ್ಲಿ ಇಟ್ಟಿದ್ದೇ. ಮುಟ್ಟಲು ಮನಸ್ಸಾಗಲಿಲ್ಲ. ಯಾಕೆ?

ಅನು: ಎರಡು ವರ್ಷ ಯಾರೂ ಬಳಸದ ಅಕೌಂಟನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಗೆ ಬಂದಿದೆ. ಅಕೌಂಟ್ ಹೋದರೆ ಆಲ್ಬಮ್ ನಮ್ಮೆಲ್ಲರ ಫೋನಿನಿಂದಲೂ ಹೋಗುತ್ತದೆ. ಶೇರ್ ಮಾಡಿದ ಆಲ್ಬಮ್ ನಮಗೆ ಕಾಣಿಸುತ್ತದೆ ಅಷ್ಟೇ, ಇರುವುದು ಅವರ ಹತ್ತಿರವೇ. ತಮ್ಮ ಲೈಬ್ರರಿಗೆ ಸೇವ್ ಮಾಡಿಕೊಂಡವರಿಗೆ ಮಾತ್ರ ಉಳಿಯುತ್ತದೆ.

ಚಿಕ್ಕಪ್ಪ: ನಾನು ಸೇವ್ ಮಾಡಿಕೊಂಡಿಲ್ಲ.

ದೊಡ್ಡಪ್ಪ: ನಾನೂ ಇಲ್ಲ. ಅಪ್ಪ ಅಮ್ಮನ ಮದುವೆ ಫೋಟೋ ಬೇರೆ ಎಲ್ಲೂ ಇಲ್ಲವಲ್ಲ. ಕಾಗದದ್ದು ಗೆದ್ದಲು ಹಿಡಿದು ಹೋಯಿತು.

ರಾಘಣ್ಣ: ನನ್ನ ಹತ್ತಿರ ಆ ಫೋಟೋ ಇದೆ. ಪೂಜಾ ಯಾವುದೋ ಆ್ಯಪ್‌ನಲ್ಲಿ ಬಣ್ಣ ತುಂಬಿ ಈ ವಾಟ್ಸಾಪ್ ಗ್ರೂಪ್‌ನಲ್ಲೇ ಕಳಿಸಿದ್ದಳಲ್ಲ.

ಅತ್ತೆ: ಅದು ಬೇಡ ರಾಘು. ಪಾಪ, ಮಗು ಪ್ರೀತಿಯಿಂದ ಮಾಡಿದ್ದಾಳೆ. ಆದರೆ ಅದರಲ್ಲಿ ಅಮ್ಮನ ಮುಖ ಅಮ್ಮನದ್ದಲ್ಲ. ಗಲ್ಲದ ಮೇಲಿನ ಮಚ್ಚೆಯನ್ನೇ ಅಳಿಸಿಬಿಟ್ಟಿದೆ.

ಅನು: ಅತ್ತೆ ಹೇಳುವುದು ಸರಿ. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಯೂ ಬರುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಹೋಗುತ್ತದೆ. ಹಾಗೇ ಬೇಕಿದ್ದರೆ ಡಾಕ್ಯುಮೆಂಟ್ ಅಂತ ಕಳಿಸಬೇಕು. ಗೂಗಲ್ ಫೋಟೋಸ್‌ನಲ್ಲಾಗಲಿ ಐಫೋನ್‌ನ ಫೋಟೋಸ್‌ನಲ್ಲಾಗಲಿ ಎಡಿಟ್ ಮಾಡಿದರೆ ಮೂಲ ಉಳಿದಿರುತ್ತದೆ, 'ರಿವರ್ಟ್' ಒತ್ತಿದರೆ ವಾಪಸ್ ಬರುತ್ತದೆ. ಬೇರೆ ಆ್ಯಪ್‌ನಲ್ಲಿ ಬಣ್ಣ ತುಂಬಿ ಬಂದ ಫೋಟೋದಿಂದ ಹಿಂದೆ ಹೋಗುವ ದಾರಿಯೇ ಇಲ್ಲ. ಪೂಜಾ ಇನ್ನೂ ಹತ್ತು ಮಾಡಲಿ, ಚೆನ್ನಾಗಿಯೇ ಮಾಡುತ್ತಾಳೆ. ಆದರೆ ತಾತ ಸ್ಕ್ಯಾನ್ ಮಾಡಿಸಿದ್ದು ಮಾತ್ರ ಹಾಗೇ ಇರಬೇಕು.

ರಾಘಣ್ಣ: ಸರಿ, ತಾತನದ್ದಕ್ಕೆ ಹಾರ್ಡ್ ಡಿಸ್ಕ್ ನಾನು ತರುತ್ತೇನೆ. ನನ್ನ ಫೋಟೋಗೆ ನನಗೆ ಕ್ಲೌಡ್ ಸಾಕು, ಅದರಲ್ಲಿ ಬದಲಾವಣೆ ಇಲ್ಲ.

ಅನು: ಎರಡು ತನ್ನಿ ರಾಘಣ್ಣ. ಒಂದು ಅತ್ತೆ ಮನೆಯಲ್ಲಿ, ಒಂದು ದೊಡ್ಡಪ್ಪನ ಮನೆಯಲ್ಲಿ ಇರಲಿ. ಅಲ್ಲಿಯವರೆಗೆ ಎಲ್ಲರೂ ಇವತ್ತೇ ಆಲ್ಬಮ್ ತೆಗೆದು ಸೇವ್ ಒತ್ತಿ.

ದೊಡ್ಡಪ್ಪ: ಸೇವ್ ಎಲ್ಲಿದೆ ಕಾಣಿಸುತ್ತಿಲ್ಲ. ಕಾಲ್ ಮಾಡು. ಆ ಫಾರ್ವರ್ಡ್ ತೆಗೆದಿದ್ದೇನೆ, ನನಗೆ ಕಳಿಸಿದವರಿಗೂ ಹೇಳುತ್ತೇನೆ.

ಅತ್ತೆ: ಫೋನ್ ಚಾರ್ಜ್‌ಗೆ ಹಾಕಿದೆ. ಪಿನ್ ಕೇಳುತ್ತಿದೆ. ಅಪ್ಪನ ಪಿನ್ ಯಾರಿಗಾದರೂ ಗೊತ್ತಾ?

ಚಿಕ್ಕಪ್ಪ: ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ, ಫೋನ್ ಮಾಡುತ್ತೇನೆ ಇರು.